ಬರ ಹಾಕಿಸಿದ ಹಳಿ

ಚರಿತ್ರೆಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವವು ಕೋಟೆಕೊತ್ತಲಗಳು, ಶಾಸನಗಳು, ದೇಗುಲಗಳು. ಕೊಪ್ಪಳದ ಸೀಮೆಯವನಾದ ನನಗೆ ಇವುಗಳ ಬಡತನವೇನೂ ಇಲ್ಲ. ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಅಕ್ಷರಗಳಿವೆ. ಇಟಗಿಯಲ್ಲಿ ಚಾಲುಕ್ಯರ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ದೇವಾಲಯವಿದೆ. ಆದರೆ ನಮ್ಮ ಅಜ್ಜ ಮುತ್ತಜ್ಜಂದಿರು ಹೊಟ್ಟೆಪಾಡಿಗೆಂದು ಊರು ಬಿಟ್ಟುಹೋದ, ಬದುಕಿ ಉಳಿದಿದ್ದರೆ ಮರಳಿ ಬಂದ ಒಂದು ಬಾಗಿಲಿದೆ. ಅದರ ಚರಿತ್ರೆಯನ್ನು ಯಾವ ಕಲ್ಲಿನ ಮೇಲೆಯೂ ಯಾರೂ ಕೊರೆಯಲಿಲ್ಲ. ಆ ಬಾಗಿಲು ರೈಲು ನಿಲ್ದಾಣ. ಇಂದು ನಾನು ಹೇಳಹೊರಟಿರುವುದು ಅಂತಹ ಒಂದು ನಿಲ್ದಾಣದ, ಅದು ಕುಳಿತಿದ್ದ ಒಂದು ಕವಲುಹಾದಿಯ ಕಥೆ. ಹೊಸಪೇಟೆಯಿಂದ ಕೊಟ್ಟೂರಿಗೆ 1905ರಲ್ಲಿ ತೆರೆದ ಹಾದಿ ಅದು. 1990ರ ದಶಕದಲ್ಲಿ ಅಲ್ಲಿ ಪ್ರಯಾಣಿಕರ ಗಾಡಿ ನಿಂತುಹೋಯಿತು. ಎರಡು ದಶಕಗಳಿಗೂ ಮೇಲ್ಪಟ್ಟು ಕೊಟ್ಟೂರಿನ ಟಿಕೆಟ್ ಕಿಟಕಿ ಮುಚ್ಚಿಯೇ ಇದ್ದಿತು.

ಇರಕಲ್ಲಗಡದ ಕಡೆಯವನಿಗೆ ಹೊಳೆಯಾಚೆಯ ಕೊಟ್ಟೂರಿನ ಗೊಡವೆ ಏಕೆ ಎಂದು ಕೇಳಬಹುದು. ನಮ್ಮ ಊರಿಗೆ ರೈಲು ಬರಲಿಲ್ಲ. ಇರಕಲ್ಲಗಡ ಮತ್ತು ಅದರ ಸುತ್ತಿನ ಹಳ್ಳಿಗಳವರು ರೈಲು ಹತ್ತಬೇಕಾದರೆ ಚಕ್ಕಡಿ ಹೂಡಿಕೊಂಡು ಅರ್ಧ ದಿನ ಕೊಪ್ಪಳದ ಹಾದಿ ಹಿಡಿಯಬೇಕಾಗಿತ್ತು. ಕೊಪ್ಪಳದಲ್ಲಿ ಗಾಡಿ ಹತ್ತಿದವರು ಗಿಣಿಗೇರಾ, ಮುನಿರಾಬಾದುಗಳನ್ನು ದಾಟಿ, ತುಂಗಭದ್ರೆಯ ಸೇತುವೆಯ ಮೇಲೆ ಹಾಯ್ದು ಹೊಸಪೇಟೆಯಲ್ಲಿ ಇಳಿಯುತ್ತಿದ್ದರು. ಕೊಟ್ಟೂರೇಶ್ವರನ ತೇರಿಗೆ ಹೋಗುವವರು ಅಲ್ಲಿ ಇನ್ನೊಂದು ಗಾಡಿಗೆ ಕಾಯುತ್ತಿದ್ದರು. ಅದೇ ಕೊಟ್ಟೂರು ಗಾಡಿ. ನಮ್ಮ ಮನೆಯ ಹಿರಿಯ ಹೆಂಗಸರು ವರ್ಷಗಳನ್ನು ಎಣಿಸುತ್ತಿದ್ದುದು ಇಸವಿಯಿಂದಲ್ಲ. ಇಂತಹ ಬರ, ಇಂತಹ ತೇರು ಎಂದು. ಬರ ಮತ್ತು ತೇರು ಎರಡೂ ಆ ಹಳಿಯ ಕಥೆಯಲ್ಲಿ ಹೆಣೆದುಕೊಂಡಿವೆ.

ಮೊದಲು ಬರದ ಮಾತು. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಕನ್ನಡಿಗರು ಇಂದಿಗೂ ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಾರೆ. ಅದು ಮೈಸೂರನ್ನೂ ಮದರಾಸು, ಮುಂಬಯಿ ಪ್ರಾಂತಗಳನ್ನೂ ನಿಜಾಮನ ಸೀಮೆಯನ್ನೂ ಒಂದೇ ಸಮನೆ ಸುಟ್ಟಿತು. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 1871ರ ಮತ್ತು 1881ರ ಜನಗಣತಿಗಳ ನಡುವೆ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಇಳಿಯಿತು. ಸರ್ಕಾರ ಬರದ ಮೇಲ್ವಿಚಾರಣೆಗೆ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕಕ್ಕೆ ಇಳಿಸಿದನು. ಒಂದು ಪೌಂಡೆಂದರೆ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಅದರಲ್ಲಿ ಮೈಮುರಿದು ದುಡಿಯಬೇಕು, ಬದುಕಲೂಬೇಕು.

ಈ ಕ್ಷಾಮದ ವೃತ್ತಾಂತದಲ್ಲಿ ನನ್ನನ್ನು ಬಹುವಾಗಿ ಕಾಡಿರುವ ಸಂಗತಿಯೊಂದಿದೆ. ಬಳ್ಳಾರಿಗೆ ಆಗಲೇ ರೈಲು ಬಂದಿತ್ತು. ಮದರಾಸು ರೈಲ್ವೆಯ ಅಗಲ ಹಳಿಯು 1871ರ ಹೊತ್ತಿಗೆ ಬಳ್ಳಾರಿಯನ್ನು ಮುಟ್ಟಿತ್ತು. ಅದೇ ವರ್ಷ ರಾಯಚೂರಿನಲ್ಲಿ ಮುಂಬಯಿಯ ಹಳಿಯೂ ಮದರಾಸಿನ ಹಳಿಯೂ ಕೂಡಿದ್ದವು. ಹಡಗಿನಲ್ಲಿ ಮದರಾಸಿಗೆ ಬಂದಿಳಿದ ಅಕ್ಕಿ ರೈಲಿನಲ್ಲಿ ಈ ಸೀಮೆಯ ನಿಲ್ದಾಣಗಳವರೆಗೆ ಬಂದಿತು. ಮುಂದೆ? ನಿಲ್ದಾಣದಿಂದ ಹತ್ತು ಹದಿನೈದು ಹರದಾರಿಯಾಚೆಯ ಹಳ್ಳಿಗೆ ಅದನ್ನು ಒಯ್ಯಬೇಕಾದುದು ಎತ್ತಿನ ಬಂಡಿ. ಎತ್ತುಗಳೋ ಮೇವು ನೀರಿಲ್ಲದೆ ಮನುಷ್ಯರಿಗಿಂತ ಮೊದಲೇ ಸತ್ತಿದ್ದವು. ನಿಲ್ದಾಣದಲ್ಲಿ ಚೀಲಗಳು ರಾಶಿ ಬಿದ್ದಿರುವಾಗ ಒಳನಾಡಿನ ಹಳ್ಳಿಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಹೆದ್ದಾರಿಯಂತಹ ಒಂದು ದೊಡ್ಡ ಹಳಿ ಇದ್ದ ಮಾತ್ರಕ್ಕೆ ನಾಡು ಉಳಿಯುವುದಿಲ್ಲ, ಅದಕ್ಕೆ ಕವಲುಗಳು ಬೇಕು ಎಂಬ ಪಾಠವನ್ನು ಸರ್ಕಾರ ಕಲಿತದ್ದು ಈ ರೀತಿಯಲ್ಲಿ. ಪಾಠದ ಶುಲ್ಕವನ್ನು ತೆತ್ತವರು ಹಳ್ಳಿಗರು.

ಕ್ಷಾಮವು ಮುಗಿದ ಮೇಲೆ ಸರ್ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಬರಪೀಡಿತ ಪ್ರದೇಶಗಳನ್ನು ಕಾಪಾಡಲು ಐದು ಸಾವಿರ ಮೈಲಿ ರೈಲುಹಾದಿ ತಡವಿಲ್ಲದೆ ಆಗಬೇಕೆಂದು ಅದು ಹೇಳಿತು. ಆ ಕಾಲದ ಸರ್ಕಾರಿ ಭಾಷೆಯಲ್ಲಿ ಎರಡು ಮಾತುಗಳು ರೂಢಿಯಲ್ಲಿದ್ದವು. ಹಾಕಿದ ಬಂಡವಾಳಕ್ಕೆ ಬಡ್ಡಿ ಹುಟ್ಟಿಸುವ ಕಾಮಗಾರಿ ಫಲದಾಯಕ. ಬಡ್ಡಿ ಹುಟ್ಟದಿದ್ದರೂ ಬರ ಬಂದಾಗ ಜನರನ್ನು ಉಳಿಸುವ ಕಾಮಗಾರಿ ರಕ್ಷಕ. ಈ ಎರಡನೆಯ ಮಾತನ್ನು ಶ್ರೋತೃಗಳು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅದರ ಕೆಲಸವಿದೆ. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಹುಟ್ಟಿನ ಹಿಂದೆ ಇದ್ದುದು ಈ ರಕ್ಷಕ ವಿಚಾರವೇ. ಖರ್ಚು ಕಡಿಮೆಯಾಗಲೆಂದು ಅದು ಮೀಟರ್‌ಗೇಜ್ ಹಳಿಯನ್ನು ಆರಿಸಿಕೊಂಡಿತು. 1884ರಲ್ಲಿ ಬಳ್ಳಾರಿಯಿಂದ ಹೊಸಪೇಟೆಗೆ ಹಳಿ ಬಂದಿತು. ಆ ದಶಕ ಮುಗಿಯುವುದರೊಳಗೆ ಗದಗಿನ ಕಡೆಯಿಂದ ಕೊಪ್ಪಳದ ಮೂಲಕ ಬಂದ ಹಾದಿಯೂ ಅದನ್ನು ಕೂಡಿಕೊಂಡಿತು.

ನಮ್ಮವರೂ ಅಂದು ಈ ಹಳಿಗಳನ್ನು ಬಾಯಿಮುಚ್ಚಿ ಸ್ವಾಗತಿಸಲಿಲ್ಲ. ರೈಲು ಬರದ ಊರಿಗೆ ಕಾಳು ತರುವಂತೆಯೇ, ಬೆಲೆ ಹೆಚ್ಚಿದ ಕಡೆಗೆ ನಮ್ಮ ಊರಿನ ಕಾಳನ್ನು ಸಾಗಿಸಿಯೂ ಬಿಡುತ್ತದೆ. ಹಗೇವಿನಲ್ಲಿ ವರ್ಷಗಟ್ಟಲೆ ಜೋಳ ಕೂಡಿಡುತ್ತಿದ್ದ ರೈತನು ಹತ್ತಿ ಬೆಳೆದು ನಗದು ಎಣಿಸತೊಡಗಿದರೆ ಬರಗಾಲಕ್ಕೆ ಅವನ ಹಗೇವು ಬರಿದು. ರೈಲಿಗೆ ಕೊಟ್ಟ ಹಣದಲ್ಲಿ ಒಂದು ಪಾಲನ್ನಾದರೂ ಕಾಲುವೆಗಳಿಗೆ ಕೊಡಬೇಕಿತ್ತೆಂದು ರಮೇಶಚಂದ್ರ ದತ್ತರು ತಮ್ಮ ಆರ್ಥಿಕ ಇತಿಹಾಸದ ಗ್ರಂಥಗಳಲ್ಲಿ ವಾದಿಸಿದರು. ಗೋದಾವರಿಯ ಆಣೆಕಟ್ಟಿನಿಂದ ಹೆಸರಾದ ಸರ್ ಆರ್ಥರ್ ಕಾಟನ್ ಎಂಬ ಎಂಜಿನಿಯರನು ಅದಕ್ಕೂ ಮುಂಚಿನಿಂದ ಇದೇ ಮಾತನ್ನು ಹೇಳುತ್ತಿದ್ದನು. ತುಂಗಭದ್ರೆಯ ನೀರನ್ನು ತಡೆದು ಈ ಒಣನೆಲಕ್ಕೆ ತಿರುಗಿಸಬಹುದೆಂಬ ಯೋಚನೆ 1860ರಷ್ಟು ಹಿಂದೆಯೇ ಅವನ ತಲೆಗೆ ಬಂದಿತ್ತು. ಹೀಗೆ ನೀರೋ ಹಳಿಯೋ ಎಂಬ ವ್ಯಾಜ್ಯದಲ್ಲಿ ಹಳಿ ಮೊದಲು ಗೆದ್ದಿತು. ನೀರು ಗೆಲ್ಲಲು ಮುಕ್ಕಾಲು ಶತಮಾನ ಹಿಡಿಯಿತು.

ಹೊಸಪೇಟೆ ಗದಗುಗಳ ನಡುವಣ ಹಾದಿಯ ಸ್ವಾರಸ್ಯವೊಂದನ್ನು ಇಲ್ಲಿ ಹೇಳಿಯೇ ಮುಂದೆ ಹೋಗಬೇಕು. ನೂರು ಕಿಲೋಮೀಟರಿಗೂ ಕಡಮೆಯಾದ ಆ ಅಂತರದಲ್ಲಿ ಮೂರು ಸರ್ಕಾರಗಳಿದ್ದವು. ಹೊಸಪೇಟೆ ಮದರಾಸಿನದು, ಕೊಪ್ಪಳ ನಿಜಾಮನ ರಾಜ್ಯದಲ್ಲಿ ಸಾಲಾರ್‌ಜಂಗರ ಜಹಗೀರು, ಗದಗು ಮುಂಬಯಿಯದು. ಮೂರರಲ್ಲಿಯೂ ಬಿತ್ತುವವರು ಕನ್ನಡಿಗರು, ಬೆಳೆಯುವುದು ಅದೇ ಬಿಳಿಜೋಳ. ನಿಜಾಮನ ನೆಲದಲ್ಲಿ ಹಾದುಹೋಗುವ ರೈಲುಭೂಮಿಯ ಮೇಲೆ ಬ್ರಿಟಿಷರ ಕಾನೂನು ನಡೆಯುತ್ತಿತ್ತು. ಕೊಪ್ಪಳದ ಪ್ಲಾಟ್‌ಫಾರಮ್ಮಿನ ಮೇಲೆ ನಿಂತವನು ಒಂದು ರಾಜ್ಯದಲ್ಲಿ, ಬೇಲಿ ದಾಟಿ ಚಕ್ಕಡಿಯ ಹತ್ತಿರ ಬಂದವನು ಇನ್ನೊಂದು ರಾಜ್ಯದಲ್ಲಿ. ಮಡಿಲಲ್ಲಿ ಹಾಲಿ ಸಿಕ್ಕಾ ಇದ್ದರೆ ಅತ್ತ ಕಡೆಯ ವ್ಯವಹಾರಕ್ಕೆ ಕಲ್ದಾರ್ ರೂಪಾಯಿಯಾಗಿ ಬಟವಾಡೆ ಮಾಡಿಸಬೇಕು. ಸಾಮಾನು ಗಡಿ ದಾಟಿದರೆ ನಿಜಾಮನ ಕರೋಡಗಿರಿಯವರಿಗೆ ಸುಂಕ ಕಟ್ಟಬೇಕು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರುವವರೆಗೂ ಈ ಅವಸ್ಥೆ ಇದ್ದಿತು. ಆ ಹೋರಾಟದ ದಿನಗಳಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಗಡಿಯಾಚೆ ಮುಂಡರಗಿಯಲ್ಲಿ ಶಿಬಿರ ನಡೆಸಿದರೆಂಬುದು ನಮ್ಮ ಸೀಮೆಯವರೆಲ್ಲ ಬಲ್ಲ ಸಂಗತಿ. ಕನ್ನಡನಾಡು ಒಂದಾಗುವುದಕ್ಕೆ 1956ರ ನವೆಂಬರ್ ಒಂದರವರೆಗೆ ಕಾಯಬೇಕಾಯಿತು. ಆದರೆ ಅದಕ್ಕಿಂತ ಏಳು ದಶಕ ಮುಂಚೆಯೇ ಮೂರು ಸರ್ಕಾರಗಳ ಕನ್ನಡಿಗರು ಮೂರನೆಯ ದರ್ಜೆಯ ಒಂದೇ ಡಬ್ಬಿಯಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದರು.

1905ರಲ್ಲಿ ಬಳ್ಳಾರಿ ಜಿಲ್ಲೆಗೆ ಎರಡು ಕವಲುಗಳು ಬಂದವು. ಒಂದು ಬಳ್ಳಾರಿಯಿಂದ ರಾಯದುರ್ಗಕ್ಕೆ, ಇನ್ನೊಂದು ಹೊಸಪೇಟೆಯಿಂದ ಕೊಟ್ಟೂರಿಗೆ. ಈ ಎರಡನೆಯದು ಸುಮಾರು 70 ಕಿಲೋಮೀಟರಿನ ಹಾದಿ. ಎಡಕ್ಕೆ ಸೊಂಡೂರಿನ ಕೆಂಪು ಬೆಟ್ಟಗಳು, ಬಲಕ್ಕೆ ತುಂಗಭದ್ರೆಯ ಬಯಲು, ನಡುವೆ ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊನೆಗೆ ಕೊಟ್ಟೂರು. ಹಳಿ ಅಲ್ಲಿಗೆ ಮುಗಿಯುತ್ತಿತ್ತು. ರೈಲುಹಾದಿಯ ಕೊನೆಯ ಊರಿಗೆ ನಡುವಿನ ಊರಿಗಿಲ್ಲದ ಒಂದು ಗತ್ತು ಇರುತ್ತದೆ. ನಡುವಿನ ನಿಲ್ದಾಣದಲ್ಲಿ ಗಾಡಿ ನಿಂತು ಹೋಗುತ್ತದೆ; ಕೊನೆಯ ನಿಲ್ದಾಣದಲ್ಲಿ ಅದು ತಂಗುತ್ತದೆ. ಎಂಜಿನ್ನಿಗೆ ನೀರು ಕುಡಿಸುವವನು, ಬೂದಿ ಇಳಿಸುವವನು, ಡ್ರೈವರು, ಗಾರ್ಡು ಎಲ್ಲರೂ ಊರಿನವರೇ ಆಗಿಬಿಡುತ್ತಾರೆ. ಊರಿನ ಗಡಿಯಾರವೂ ಅದೇ. ಮುಂಜಾನೆಯ ಗಾಡಿ ಕೂಗಿತೆಂದರೆ ಹಾಲು ಕರೆಯುವ ಹೊತ್ತು.

ಆ ಕಾಲದ ಕವಲುಹಾದಿಯ ನಿಲ್ದಾಣ ಹೇಗೆ ನಡೆಯುತ್ತಿತ್ತು ಎಂಬುದನ್ನು ಇಂದಿನ ಕಿರಿಯರು ಕಂಡವರಲ್ಲ. ಹಳಿ ಒಂದೇ, ಹೋಗುವ ಗಾಡಿಗೂ ಬರುವ ಗಾಡಿಗೂ ಅದೇ. ಎರಡು ಗಾಡಿಗಳು ಎದುರುಬದುರಾಗಬಾರದು. ಅದಕ್ಕಾಗಿ ಒಂಟಿ ಹಳಿಯ ಮೇಲೆ ಟೋಕನ್ನಿನ ಪದ್ಧತಿಯಿತ್ತು. ಮುಂದಿನ ನಿಲ್ದಾಣದವರೆಗೆ ಹಾದಿ ತೆರವಾಗಿದೆಯೆಂಬ ಗುರುತಿನ ಆ ವಸ್ತು ಡ್ರೈವರನ ಕೈಗೆ ಬಂದಲ್ಲದೆ ಅವನು ಗಾಡಿ ಬಿಡುವಂತಿಲ್ಲ. ಬೆತ್ತದ ಬಳೆಯೊಂದಕ್ಕೆ ಚರ್ಮದ ಚೀಲ ಕಟ್ಟಿ, ಅದರಲ್ಲಿ ಟೋಕನ್ನನ್ನು ಇಟ್ಟು ಪೋರ್ಟರನು ಎತ್ತಿ ಹಿಡಿದಿರುವುದು, ಡ್ರೈವರನು ಬಾಗಿ ತೋಳಿಗೆ ಸಿಕ್ಕಿಸಿಕೊಳ್ಳುವುದು ಮಕ್ಕಳ ಕಣ್ಣಿಗೆ ಒಂದು ಆಟವಾಗಿತ್ತು. ಕೈಮರ ಬಿದ್ದರೆ ಗಾಡಿ ಬಂತೆಂದು ಲೆಕ್ಕ; ತೂಗುಬಿಟ್ಟ ಹಳಿಯ ತುಂಡನ್ನು ಬಾರಿಸಿದರೆ ಹೊರಟಿತೆಂದು. ಟಿಕೆಟ್ಟುಗಳು ದಪ್ಪ ರಟ್ಟಿನವು, ಎರಡು ಬೆರಳಗಲದವು, ಒಂದೊಂದಕ್ಕೂ ಅಂಕೆ. ಇಂಗ್ಲೆಂಡಿನಲ್ಲಿ ಥಾಮಸ್ ಎಡ್ಮಂಡ್‌ಸನ್ ಎಂಬ ಸ್ಟೇಶನ್ ಮಾಸ್ತರನು 1830ರ ದಶಕದಲ್ಲಿ ಕಂಡುಹಿಡಿದ ಆ ರಟ್ಟಿನ ಟಿಕೆಟ್ಟು ಕೊಟ್ಟೂರಿನಂತಹ ಊರಿನ ಕಿಟಕಿಯವರೆಗೂ ಬಂದಿತ್ತು. ಮಾಸ್ತರನು ರಾತ್ರಿ ಮಲಗುವ ಮುನ್ನ ಯಾವ ಊರಿನ ಟಿಕೆಟ್ಟು ಯಾವ ಅಂಕೆಗೆ ನಿಂತಿತೆಂದು ಬರೆದು, ಹಿಂದಿನ ದಿನದ ಅಂಕೆಯನ್ನು ಕಳೆದು, ಹಣದ ಲೆಕ್ಕ ಕೂಡಿಸಬೇಕು. ನಿಲ್ದಾಣದ ಬದುಕೆಲ್ಲ ಆ ಕಳೆಯುವ ಕೂಡಿಸುವ ಪುಸ್ತಕದಲ್ಲಿ.

ಗಾಡಿಯೂ ಮಿಶ್ರ ಜಾತಿಯದು: ಮುಂದೆ ಕೆಲವು ಮಾಲಿನ ಡಬ್ಬಿಗಳು, ಹಿಂದೆ ಜನರವು. ಹತ್ತಿಯ ಅಂಡಿಗೆ, ಶೇಂಗಾ, ಜೋಳದ ಚೀಲಗಳು ಈ ಕಡೆಯಿಂದ ಹೋಗುತ್ತಿದ್ದವು. ಸೀಮೆಎಣ್ಣೆ, ಉಪ್ಪು, ಅರಿವೆ, ಕಬ್ಬಿಣ ಆ ಕಡೆಯಿಂದ ಬರುತ್ತಿದ್ದವು. ಮೀಟರ್‌ಗೇಜಿನ ಮಾಲು ಮದರಾಸಿನ ಅಗಲ ಹಳಿಗೆ ಹೋಗಬೇಕಾದರೆ ಗುಂತಕಲ್ಲಿನಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಮಾಲರ ಬೆನ್ನಿನ ಮೇಲೆ ಬದಲಾಗಬೇಕು. ಪಶ್ಚಿಮಕ್ಕಾದರೆ ಹುಬ್ಬಳ್ಳಿ, ಲೋಂಡಾ ಹಾಯ್ದು ಮರ್ಮಗೋವೆಯ ಬಂದರಿನವರೆಗೆ ಅದೇ ಹಳಿ. ಘಟ್ಟದ ಕೆಳಗಿನ ಹಡಗಿಗೂ ಕೊಟ್ಟೂರಿನ ಪೇಟೆಗೂ ಹೀಗೆ ನಂಟು ಬೆಳೆಯಿತು.

ತೇರಿನ ದಿನಗಳಲ್ಲಿ ಹಳಿಯ ಚಹರೆಯೇ ಬೇರೆ. ಮಾಘ ಮಾಸದ ಕೊಟ್ಟೂರೇಶ್ವರನ ಜಾತ್ರೆಗೆ ದಾವಣಗೆರೆಯ ಕಡೆಯ ಭಕ್ತರು ಕಾಲ್ನಡಿಗೆಯಲ್ಲಿ ಬರುವುದು ಇಂದಿಗೂ ನಡೆದಿದೆ. ಹೊಸಪೇಟೆ, ಬಳ್ಳಾರಿ, ಕೊಪ್ಪಳಗಳ ಕಡೆಯವರಿಗೆ ಗಾಡಿಯ ಆಸರೆ. ಜಾತ್ರೆಯೊಡನೆ ನಾಟಕದ ಕಂಪನಿಗಳು. ಪರದೆ, ಸೀನು, ಪೆಟ್ಟಿಗೆ, ಹಾರ್ಮೋನಿಯಮ್ಮುಗಳನ್ನು ಹೇರಿಕೊಂಡು ಊರಿಂದೂರಿಗೆ ಹೋಗುತ್ತಿದ್ದ ಆ ಕಂಪನಿಗಳಿಗೆ ರೈಲಿಗಿಂತ ಒಳ್ಳೆಯ ವಾಹನ ಬೇರೆ ಇರಲಿಲ್ಲ. ಈ ಹಾದಿಯ ಮರಿಯಮ್ಮನಹಳ್ಳಿಯು ನಾಟಕದ ಕಲಾವಿದರ ಊರೆಂದು ಹೆಸರಾದುದು, ಅದೇ ಊರಿನ ಜೋಗತಿ ನೃತ್ಯದ ಮಂಜಮ್ಮನವರಿಗೆ 2021ರಲ್ಲಿ ಪದ್ಮಶ್ರೀ ಬಂದುದು ಎಲ್ಲರಿಗೂ ತಿಳಿದಿದೆ. ಕಲೆಯನ್ನು ರೈಲು ಹುಟ್ಟಿಸಿತೆಂದು ನಾನು ಹೇಳುವುದಿಲ್ಲ. ಕಲಾವಿದನು ರಾತ್ರಿಯ ಆಟ ಮುಗಿಸಿ ಬೆಳಗಿನ ಗಾಡಿಗೆ ಊರು ಸೇರುವಂತಿದ್ದರೆ ಅವನು ಮನೆಮಾರು ಬಿಟ್ಟು ಅಲೆಯಬೇಕಾಗುವುದಿಲ್ಲ ಎಂಬಷ್ಟನ್ನು ಮಾತ್ರ ಹೇಳುತ್ತೇನೆ.

1908ರಲ್ಲಿ ಸದರ್ನ್ ಮರಾಠಾ ಕಂಪನಿಯು ಮದರಾಸು ರೈಲ್ವೆಯೊಡನೆ ಕೂಡಿಕೊಂಡಿತು. 1944ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. 1951ರಲ್ಲಿ ದಕ್ಷಿಣ ರೈಲ್ವೆ ಹುಟ್ಟಿತು. ಮೇಲಿನ ಹೆಸರು ಬದಲಾದರೂ ಕೆಳಗಿನ ಗಾಡಿ ಅದೇ ಆಗಿದ್ದಿತು. ಆದರೆ ಅಷ್ಟರಲ್ಲಿ ಕಾಟನ್ನನ ಹಳೆಯ ಕನಸಿಗೆ ಜೀವ ಬಂದಿತ್ತು. 1945ರ ಫೆಬ್ರವರಿ 28ರಂದು ತುಂಗಭದ್ರೆಯ ಅಣೆಕಟ್ಟಿಗೆ ಮದರಾಸು ಮತ್ತು ಹೈದರಾಬಾದು ಸರ್ಕಾರಗಳು ಎರಡು ದಂಡೆಗಳಲ್ಲಿ ಅಡಿಗಲ್ಲು ಹಾಕಿದವು. 1953ರ ಜುಲೈ ಒಂದರಂದು ಕಾಲುವೆಗೆ ನೀರು ಹರಿಯಿತು. ಜಲಾಶಯದಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು. ಕೊಟ್ಟೂರು ಹಾದಿಯ ಬಲಗಡೆಯ ಬಯಲೆಲ್ಲ ನೀರಾಯಿತು. ನಾರಾಯಣದೇವರಕೆರೆಯಂತಹ ಊರಿನವರು ದೇವರನ್ನೂ ಹೊತ್ತುಕೊಂಡು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಆ ವರ್ಷವೇ ಅಕ್ಟೋಬರಿನಲ್ಲಿ ಬಳ್ಳಾರಿಯೂ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿತು. ಗಂಗಾವತಿಯ ಕಡೆ ಬತ್ತ ಬೆಳೆಯಿತು. ಕುಷ್ಟಗಿ, ಯಲಬುರ್ಗಾಗಳ ಕಡೆ ಆಕಾಶವನ್ನು ನೋಡುವುದು ತಪ್ಪಲಿಲ್ಲ. ನೀರು ಬಂದ ಕಡೆ ಬರದ ನೆನಪು ಮಸುಕಾಯಿತು. ಅದರೊಡನೆ, ಈ ಹಳಿಯನ್ನು ಏಕೆ ಹಾಕಿದ್ದರು ಎಂಬ ನೆನಪೂ ಸರ್ಕಾರದ ಕಡತಗಳಿಂದ ಜಾರಿಹೋಯಿತು. ಇದು ನನ್ನ ಭಾಷಣದ ಮುಖ್ಯವಾದ ಮಾತು.

ಬಸ್ಸು ಬಂದ ಮೇಲೆ ಕವಲುಹಾದಿಗಳ ಸುಖ ಮುಗಿಯಿತು. ಮಿಶ್ರ ಗಾಡಿಯು ಪ್ರತಿ ನಿಲ್ದಾಣದಲ್ಲಿಯೂ ಮಾಲಿನ ಡಬ್ಬಿಯನ್ನು ಬಿಡಿಸಿ ಜೋಡಿಸಿ ಹೊರಡುವಷ್ಟರಲ್ಲಿ ಬಸ್ಸು ಎರಡು ಊರು ದಾಟಿರುತ್ತದೆ. ನಿಲ್ದಾಣ ಊರಹೊರಗೆ, ಬಸ್ಸು ಅಗಸಿಯ ಮುಂದೆ. ಈ ಪೈಪೋಟಿ ಅನಿವಾರ್ಯವಾಗಿರಲಿಲ್ಲವೆಂಬುದಕ್ಕೆ ನಮ್ಮ ನಿಜಾಮನ ಸೀಮೆಯೇ ಸಾಕ್ಷಿ. ಅಲ್ಲಿ 1932ರಲ್ಲಿ ರೈಲ್ವೆಯೇ ತನ್ನ ಸ್ವಂತದ 27 ಬಸ್ಸುಗಳನ್ನು ಓಡಿಸಲು ಆರಂಭಿಸಿತು. ಹಳಿಯೂ ರಸ್ತೆಯೂ ಒಂದೇ ಮನೆಯ ಅಣ್ಣತಮ್ಮಂದಿರಾದರೆ ಒಬ್ಬರು ಇನ್ನೊಬ್ಬರ ಕೈಹಿಡಿಯಬಹುದು ಎಂಬ ವಿಚಾರ ಅದು. ಬೇರೆ ಕಡೆ ಹಾಗೆ ಆಗಲಿಲ್ಲ. ರಸ್ತೆಗೆ ಸರ್ಕಾರ ದುಡ್ಡು ಹಾಕಿದರೆ ಅದು ಅಭಿವೃದ್ಧಿಯೆನಿಸಿತು. ಕವಲುಹಳಿಗೆ ಹಾಕಿದರೆ ನಷ್ಟವೆನಿಸಿತು.

ನಷ್ಟ ಎಂಬ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೊಟ್ಟೂರಿನಲ್ಲಿ ಒಂದು ಅಂಡಿಗೆ ಹತ್ತಿ ಗಾಡಿ ಏರಿತೆನ್ನಿ. ಅದು ಕವಲಿನ ಮೇಲೆ ಸಾಗುವುದು 70 ಕಿಲೋಮೀಟರು. ಅದಾದ ಮೇಲೆ ಹೆದ್ದಾರಿಯ ಮೇಲೆ ನೂರಾರು ಕಿಲೋಮೀಟರು. ಕವಲನ್ನು ಪ್ರತ್ಯೇಕಿಸಿ ಲೆಕ್ಕ ಹಾಕುವಾಗ ಅದರ ಪಾಲಿಗೆ ಬರುವುದು ಆ 70 ಕಿಲೋಮೀಟರಿನ ಬಾಡಿಗೆ. ಖರ್ಚೋ ಮಾಸ್ತರ, ಪೋರ್ಟರ, ಗ್ಯಾಂಗಿನವರು ಎಲ್ಲರ ಸಂಬಳವೂ ಸೇರಿ ಪೂರಾ ಕವಲಿನದೇ. ಆದರೆ ಕವಲು ಮುಚ್ಚಿದ ದಿನ ಆ ಅಂಡಿಗೆ ಹೊಸಪೇಟೆಯವರೆಗೆ ಲಾರಿಯಲ್ಲಿ ಹೋಗಿ ಅಲ್ಲಿ ರೈಲು ಏರುವುದಿಲ್ಲ. ಹೇರಿದ ಲಾರಿಯಲ್ಲಿಯೇ ಕೊನೆಯವರೆಗೆ ಹೋಗುತ್ತದೆ. ಕಳೆದದ್ದು 70 ಕಿಲೋಮೀಟರಿನ ಬಾಡಿಗೆಯಲ್ಲ, ಇಡೀ ಹಾದಿಯದು. ಬೇರು ಕತ್ತರಿಸಿದವನು ಮರದ ಲೆಕ್ಕದಲ್ಲಿ ಬೇರಿನ ತೂಕವನ್ನು ಮಾತ್ರ ಕಳೆದಂತೆ ಇದು.

ಇದು ನಮ್ಮ ದೇಶವೊಂದರ ಕಥೆಯಲ್ಲ. ಬ್ರಿಟನ್ನಿನಲ್ಲಿ 1963ರಲ್ಲಿ ಡಾಕ್ಟರ್ ಬೀಚಿಂಗ್ ಎಂಬವರು ಒಪ್ಪಿಸಿದ ವರದಿಯು ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಬೇಕೆಂದು ಹೇಳಿತು. ಬಹುಪಾಲು ಮುಚ್ಚಿಯೂ ಹೋದವು. ಹಳ್ಳಿಯ ನಿಲ್ದಾಣ ಮುಚ್ಚಿದಾಗ ಜನರು ಮುಂದಿನ ನಿಲ್ದಾಣಕ್ಕೆ ಹೋಗಿ ರೈಲು ಹತ್ತುತ್ತಾರೆಂಬ ನಂಬಿಕೆ ಹುಸಿಯಾಯಿತು. ಅವರು ರೈಲನ್ನೇ ಬಿಟ್ಟರು. ನಮ್ಮಲ್ಲಿಯೂ 1969ರಲ್ಲಿ ಆದಾಯವಿಲ್ಲದ ಕವಲುಹಾದಿಗಳ ಪರಿಶೀಲನೆಗೆ ಸಮಿತಿಯೊಂದು ನೇಮಕವಾಯಿತು. ಆ ಸಮಿತಿಗಿಟ್ಟ ಹೆಸರಿನಲ್ಲಿಯೇ ತೀರ್ಪು ಅಡಗಿತ್ತು. 1880ರಲ್ಲಿ ರಕ್ಷಕ ಎನಿಸಿದ್ದ ಜಾತಿಯ ಹಳಿ ತೊಂಬತ್ತು ವರ್ಷಗಳಲ್ಲಿ ಆದಾಯಹೀನ ಎನಿಸಿತು. ಹಳಿ ಬದಲಾಗಿರಲಿಲ್ಲ, ಅಳೆಯುವ ಕೋಲು ಬದಲಾಗಿತ್ತು. ಮನೆಯ ಮುಂದೆ ಕಾವಲಿಗಿಟ್ಟವನನ್ನು, ನೀನು ಎಷ್ಟು ಜೋಳ ಬೆಳೆದೆ ಎಂದು ಕೇಳಿದರೆ ಅವನೇನು ಉತ್ತರ ಹೇಳಿಯಾನು?

1992ರಲ್ಲಿ ದೇಶದ ಹಳಿಗಳನ್ನೆಲ್ಲ ಬ್ರಾಡ್‌ಗೇಜಿಗೆ ತರುವ ಯೋಜನೆ ಆರಂಭವಾಯಿತು. ಅದು ಬೇಕಾದ ಕೆಲಸವೇ. ಗುಂತಕಲ್ಲಿನ ಹಮಾಲರ ಬೆನ್ನು ಹೇಳುತ್ತಿದ್ದ ಕಥೆಗೆ ಅದರಿಂದ ಕೊನೆಯಾಯಿತು. ಆ ದಶಕದಲ್ಲಿ ನಮ್ಮ ಕೊಪ್ಪಳದ ಹಾದಿಯೂ ಕೊಟ್ಟೂರಿನ ಕವಲೂ ಅಗಲವಾದವು. ಹೆದ್ದಾರಿಯ ಮೇಲೆ ಹೊಸ ಗಾಡಿಗಳು ಬಂದವು; ಕೊಟ್ಟೂರಿನ ಕವಲಿನಲ್ಲಿ ಪ್ರಯಾಣಿಕರ ಗಾಡಿ ಮರಳಿ ಬರಲಿಲ್ಲ. ಸೊಂಡೂರು ಬೆಟ್ಟಗಳ ಅದಿರಿಗೆ ಹಳಿ ಬೇಕಾಗಿತ್ತು, ಮನುಷ್ಯರಿಗೆ ಬೇಡವೆನಿಸಿತು. ಹಳಿ ಇದೆ, ನಿಲ್ದಾಣವಿದೆ, ಗಾಡಿಯಿಲ್ಲ. ಕಿತ್ತುಹಾಕಿದ ಹಳಿಗಿಂತಲೂ ಕಣ್ಣೆದುರಿಗೆ ಖಾಲಿ ಬಿದ್ದಿರುವ ಹಳಿ ಊರಿನವರ ಮನಸ್ಸನ್ನು ಹೆಚ್ಚು ನೋಯಿಸುತ್ತದೆ. ಆ ಊರುಗಳವರು ಸುಮ್ಮನೆ ಕೂಡಲಿಲ್ಲ. ಮನವಿ, ಧರಣಿಗಳನ್ನು ವರ್ಷಗಟ್ಟಲೆ ಬಿಡದೆ ನಡೆಸಿದರು. 2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಸ್ಥಾಪನೆಯಾಯಿತು. ಕೊಟ್ಟೂರಿನಲ್ಲಿ ನಿಂತಿದ್ದ ಹಳಿಯನ್ನು ಹರಿಹರದವರೆಗೆ ಬೆಳೆಸುವ ಕೆಲಸವೂ ಮೆಲ್ಲಮೆಲ್ಲನೆ ಮುಗಿಯಿತು. 2019ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿನ ಮೂಲಕ ಹರಿಹರಕ್ಕೆ ಪ್ರಯಾಣಿಕರ ಗಾಡಿ ಓಡಿತು. ಕೊನೆಯ ಊರಾಗಿದ್ದ ಕೊಟ್ಟೂರು ಈಗ ನಡುವಿನ ಊರಾಗಿದೆ. ಗತ್ತು ಹೋದರೂ ಬಾಗಿಲು ತೆರೆಯಿತಲ್ಲ ಎಂದು ಆ ಊರಿನವರಿಗೆ ಸಮಾಧಾನವಿದ್ದೀತು.

ನಮ್ಮ ಕಡೆಯೂ ಹಳಿಗಳು ಹೊಸದಾಗಿ ಮೂಡುತ್ತಿವೆ. ಗಿಣಿಗೇರಾದಿಂದ ಹೊರಟ ಹಾದಿ 2019ರಲ್ಲಿ ಗಂಗಾವತಿಗೆ ಗಾಡಿಯನ್ನು ತಂದಿತು. ತಳಕಲ್ಲಿನಿಂದ ಹೊರಟ ಗದಗು ವಾಡಿ ಮಾರ್ಗದ ಮೇಲೆ 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ಪ್ರಯಾಣಿಕರ ಗಾಡಿ ಬಂದಿತು. ಬರದ ತಾಲೂಕೆಂದೇ ಹೆಸರಾದ ಕುಷ್ಟಗಿಗೆ, ಕ್ಷಾಮ ಆಯೋಗದ ವರದಿ ಬಂದ 145 ವರ್ಷಗಳ ನಂತರ! ಅಂದು ರೈಲನ್ನು ನೋಡಲೆಂದೇ ಬಂದ ಮುದುಕರು ಎಂಜಿನ್ನಿಗೆ ಕೈಮುಗಿದರೆ ನಗಬೇಕಾದ ಕಾರಣವಿಲ್ಲ. ಅವರ ಹಿರಿಯರು ಗುಳೆ ಹೋಗುವಾಗ ಗಂಟು ಹೊತ್ತುಕೊಂಡು ಎಷ್ಟು ನಡೆದರೆಂಬುದು ಅವರಿಗೆ ಗೊತ್ತು.

ಗುಳೆ ಎಂಬ ಈ ಮಾತು ನಮ್ಮ ಸೀಮೆಯಲ್ಲಿ ಇನ್ನೂ ಸತ್ತಿಲ್ಲ. ಸುಗ್ಗಿ ಕೈಕೊಟ್ಟ ವರ್ಷ ಬೆಂಗಳೂರಿಗೆ, ಗೋವೆಗೆ, ಮಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳು ಇಂದಿಗೂ ಇವೆ. ಹಗೇವಿನ ಕಾಲ ಹೋಗಿ ನ್ಯಾಯಬೆಲೆ ಅಂಗಡಿಯ ಕಾಲ ಬಂದಿದೆ. ಹಸಿವಿನಿಂದ ಹಳ್ಳಿ ಹಳ್ಳಿಗಳೇ ಬರಿದಾಗುವ ಕಾಲ ಕಳೆದಿದೆ. ಆದರೆ ರಕ್ಷಣೆ ಬೇಕಾದವರು ಕಳೆದುಹೋಗಿಲ್ಲ. ಆಸ್ಪತ್ರೆಗೆ ಹೋಗಬೇಕಾದ ಬಾಣಂತಿ, ಕಾಲೇಜಿಗೆ ಹೋಗಬೇಕಾದ ಹುಡುಗಿ, ಕೂಲಿ ಮುಗಿಸಿ ಹಬ್ಬಕ್ಕೆ ಊರಿಗೆ ಬರಬೇಕಾದ ಗಾರೆಯವನು, ಇವರ ಪಾಲಿಗೆ ಅಗ್ಗದ ಗಾಡಿಯೊಂದು ಎಂದಿಗೂ ರಕ್ಷಕವೇ. ಆ ಹಳೆಯ ಮಾತನ್ನು ಪರಕೀಯ ಸರ್ಕಾರವೊಂದು, ಲಕ್ಷಾಂತರ ಹೆಣಗಳನ್ನು ಕಂಡ ಮೇಲೆ, ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಿತು. ನಮ್ಮವರೇ ನಡೆಸುವ ಲೆಕ್ಕದಲ್ಲಿ ಅದಕ್ಕೆ ಒಂದು ಅಂಕಣವಿಲ್ಲದೆ ಹೋದರೆ ಅದು ವಿಷಾದದ ಸಂಗತಿ.

ಚರಿತ್ರೆಯ ಅಭ್ಯಾಸಿಗಳಲ್ಲಿ ನನ್ನದೊಂದು ಬಿನ್ನಹವಿದೆ. ಮುಚ್ಚಿದ ನಿಲ್ದಾಣಗಳ ಕಟ್ಟಡಗಳನ್ನು ಉಳಿಸುವ ಆಸ್ಥೆ ಈಚೆಗೆ ಅಲ್ಲಲ್ಲಿ ಕಾಣುತ್ತಿದೆ, ಅದು ಸ್ವಾಗತಾರ್ಹ. ಕಟ್ಟಡದಷ್ಟೇ ಮುಖ್ಯವಾದುವು ಮಾಸ್ತರರು ರಾತ್ರಿ ದೀಪದ ಬೆಳಕಿನಲ್ಲಿ ಬರೆದಿಟ್ಟ ಪುಸ್ತಕಗಳು. ಯಾವ ವರ್ಷ ಯಾವ ಊರಿಗೆ ಎಷ್ಟು ಟಿಕೆಟ್ಟು ಹೋಯಿತು, ಎಷ್ಟು ಚೀಲ ಜೋಳ ಬಂತು, ಎಷ್ಟು ಹೋಯಿತು ಎಂಬುದು ಅವುಗಳಲ್ಲಿರುತ್ತದೆ. ಅಂತಹ ಪುಸ್ತಕಗಳು ಸಿಕ್ಕ ಕಡೆ ಅವನ್ನು ರದ್ದಿಗೆ ಹಾಕದೆ ಹತ್ತಿರದ ಕಾಲೇಜಿನ ಗ್ರಂಥಭಂಡಾರಕ್ಕಾದರೂ ಸೇರಿಸಬೇಕು. ಬರದ ವರ್ಷಗಳ ನಿಜವಾದ ಶಾಸನಗಳು ಅವು. ಅರಸನು ಏನು ಕೊಟ್ಟನೆಂಬುದನ್ನು ಇಟಗಿಯ ಕಲ್ಲು ಹೇಳುತ್ತದೆ. ಜನರು ಯಾವಾಗ ಊರು ಬಿಟ್ಟರು, ಎಷ್ಟು ಮಂದಿ ಬಿಟ್ಟರು ಎಂಬುದನ್ನು ಹೇಳಬಲ್ಲದ್ದು ಆ ರಟ್ಟಿನ ಟಿಕೆಟ್ಟಿನ ಅಂಕೆ ಮಾತ್ರ.